ಊಟದ ಪಂಕ್ತಿಯ ವಿಡಿಯೊ

ಶಿರಹಟ್ಟಿಯ ಫಕ್ಕೀರೇಶ ಹಳೆಯ ಮದುವೆ ಡಿವಿಡಿಗಳನ್ನು ಕುಗ್ಗಿಸಿ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಿದ್ದ.

ಕಂಪ್ಯೂಟರಿಗೆ ಹೆಚ್ಚು ಹೊತ್ತು ಕೊಟ್ಟರೆ ಚಿತ್ರ ಸ್ಪಷ್ಟ... ಅವಸರ ಮಾಡಿದರೆ ಮುಖವೆಲ್ಲ ಚೌಕ ಚೌಕ.

ಅದಕ್ಕೇ ಈ ಕಸುಬಿನವರದೊಂದು ಜಾಣತನ. ಅಕ್ಷತೆಯ ಭಾಗಕ್ಕೆ ಪೂರ್ತಿ ಕ್ವಾಲಿಟಿ, ಊಟದ ಭಾಗಕ್ಕೆ ಫಾಸ್ಟ್ ಸೆಟ್ಟಿಂಗ್. ಬೇರೆಯವರು ಉಣ್ಣುವುದನ್ನು ಕಣ್ಣರಳಿಸಿ ನೋಡುವವರು ಯಾರಿದ್ದಾರೆ?

ಒಂದು ದಿನ ನೀಲವ್ವ ಎಂಬ ಮುದುಕಿ, ಅವನೇ ಮಾಡಿಕೊಟ್ಟಿದ್ದ ಪೆನ್‌ಡ್ರೈವ್ ಮತ್ತು ಡಿವಿಡಿ ಹಿಡಿದು ಮತ್ತೆ ಬಂದಳು. ಅವಳ ತಮ್ಮನ ಮಗಳ ಮದುವೆಯ ವಿಡಿಯೊ ಅದು.

"ತಮ್ಮಾ, ಇದರಾಗ ನಮ್ಮ ಮನಿಯವರ ಮುಖಾನ ಕಾಣವಲ್ದು..."

ಗಂಡ ತೀರಿಕೊಂಡು ತಿಂಗಳಾಗಿತ್ತು. ಆ ಮದುವೆಯಲ್ಲಿ ಬಡಿಸುವ ಉಸ್ತುವಾರಿ ಅವನದೇ... ಅಕ್ಷತೆಯ ಕಡೆ ಸುಳಿದವನೇ ಅಲ್ಲ. ಆತ ನಡೆದಾಡುವುದು, ನಗುವುದು ಉಳಿದಿದ್ದರೆ ಆ ಊಟದ ಪಂಕ್ತಿಯಲ್ಲಿ ಮಾತ್ರ.

ಫಕ್ಕೀರೇಶ ಪೆನ್‌ಡ್ರೈವ್ ಹಾಕಿ ನೋಡಿದ. ಬಕೆಟ್ ಕಾಣುತ್ತದೆ, ಅಂಗಿ ಕಾಣುತ್ತದೆ... ಮುಖದ ಜಾಗದಲ್ಲಿ ಬರೀ ಚೌಕಗಳು.



ಡಿಸ್ಕೇ ಹಾಳಾಗಿದೆ ಎಂದರೆ ಮುದುಕಿ ನಂಬಿ ಹೋಗುತ್ತಿದ್ದಳು. ಆ ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು...

"ತಪ್ಪು ನಂದೈತಿ ಯವ್ವಾ. ಊಟದ್ದು ಯಾರ್ ನೋಡ್ತಾರಂತ ಗಡಿಬಿಡಿ ಮಾಡಿಬಿಟ್ಟೆ," ಎಂದ.

ಅದಕ್ಕಿಂತ ದೊಡ್ಡ ಭಯ ಮುಂದಿತ್ತು. ಡಿಸ್ಕಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಮೂಲ ಕಾಪಿಯನ್ನು ಅವನು ಅಳಿಸಿಯಾಗಿತ್ತು. ಡಿಸ್ಕಿನ ಪದರ ಏಳತೊಡಗಿತ್ತು, ಕಳೆದ ಸಲವೇ ಅದು ನರಳುತ್ತ ಓಡಿತ್ತು.

ಇನ್ನೊಮ್ಮೆ ಹಾಕಿದರೆ ಪೂರ್ತಿ ಹೋಗಲೂಬಹುದು ಎಂದು ತಿಳಿಸಿ ಹೇಳಿದ. ನೀಲವ್ವ ಹಾಕು ಎಂದಳು.

ಡಿಸ್ಕ್ ಓದಿಸಲು ತೀರಾ ನಿಧಾನದ ವೇಗವಿಟ್ಟ.

ಅರ್ಧ ದಾಟುವಷ್ಟರಲ್ಲಿ ಡಿವಿಡಿ ಡ್ರೈವ್ ಕಟಕಟ ಎಂದು... ನಿಂತೇಬಿಟ್ಟಿತು.

"ಹೋತೇನು?" ಮುದುಕಿ ಕೇಳಿದಳು.

ಅವನು ಮನೆದೇವರನ್ನು ನೆನೆಯುತ್ತ ಕೂತ...

ಮತ್ತೆ ತಿರುಗಿತು. ಊಟದ ಭಾಗ ಕೊನೆಯವರೆಗೂ ಇಳಿಯಿತು. ಅಲ್ಲಿಗೆ ಡಿಸ್ಕ್ ಪ್ರಾಣ ಬಿಟ್ಟಿತು, ಆಮೇಲೆ ಓದಲೇ ಇಲ್ಲ.

ಈ ಸಲ ಕುಗ್ಗಿಸುವುದಕ್ಕೂ ನಿಧಾನದ ಸೆಟ್ಟಿಂಗ್. ಗಿರಾಕಿಗಳು ಫೋನ್ ಮಾಡಿ ಮಾಡಿ ಸುಸ್ತಾದರು, ಅವನು ಎತ್ತಲಿಲ್ಲ. ಕರೆಂಟ್ ಹೋದೀತೆಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದ.

ಸಂಜೆ ಹೊತ್ತಿಗೆ ವಿಡಿಯೊ ತೆರೆಯಿತು...

ಮುದುಕಿಯ ಗಂಡ ಬಾಗಿ ಒಬ್ಬ ಹೆಂಗಸಿನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದಾನೆ. ಅವಳನ್ನೇ ನೋಡುತ್ತ ಮುಖ ತುಂಬ ನಗುತ್ತಿದ್ದಾನೆ.

ಆ ಹೆಂಗಸು ನೀಲವ್ವನೇ.

ಅವಳು ಪರದೆಯ ಮೇಲೆ ಕೈಯಿಟ್ಟಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ನನಗ ನೀಡೂಮುಂದ ಇವರು ಹಿಂಗ ನಗತಿದ್ರಾ ತಮ್ಮಾ... ಊರಿಗೆ ಹೋಗೋ ಬಸ್ಸು ತಪ್ಪತೈತಂತ ನಾ ಅವತ್ತು ತಲಿ ಎತ್ತಲೇ ಇಲ್ಲ."

*

ನಾವು ಅವಸರದಲ್ಲಿ ದಾಟಿಬಿಡುವ ಕಡೆಯೇ ನಮ್ಮನ್ನು ಪ್ರೀತಿಸುವವರು ನಿಂತಿರುತ್ತಾರೆ.

ಇವತ್ತು ನಿಮ್ಮ ತಟ್ಟೆಗೆ ಬಡಿಸಿದವರ ಮುಖವನ್ನು ತಲೆ ಎತ್ತಿ ನೋಡಿದಿರಾ...?