ಜಿಂಕೆಯ ತಲೆ ಯಾರಿಗೆ?

ಬೇಟೆಗೆ ಇನ್ನೂ ಪರವಾನಗಿ ಸಿಗುತ್ತಿದ್ದ ಕಾಲ. ಪ್ರಾಣಿಯನ್ನು ಕೆಡವಿದವರಿಗೆ ತಲೆ, ಮಿಕ್ಕ ಮಾಂಸ ಊರಿಗೆಲ್ಲ ಪಾಲು ಎಂಬುದು ಆ ಊರಿನ ಕಟ್ಟಳೆ. ಭಾವ, ಭಾವಮೈದುನ ಇಬ್ಬರೂ ರೈಫಲ್ ಹೆಗಲಿಗೇರಿಸಿ ಹೊರಟರು. ಮುಂದೆ ನಾಯಿ, ಹಿಂದೆ ಜಗಳ.

"ಜಿಂಕೆಗೆ ಯಾರಾದ್ರೂ ಮುನ್ನೂರ ಎಪ್ಪತ್ತೈದರ ದಪ್ಪ ತೋಟಾ ಹಾಕ್ತಾರಾ ಭಾವ? ಅದು ಕಾಡುಕೋಣಕ್ಕೆ ಹಾಕೋದು. ಮಾಂಸ ಎಲ್ಲ ಚಿಂದಿಯಾಗುತ್ತೆ."

"ನಿನ್ನ ಮುನ್ನೂರ ಹದಿನೈದರ ಸಣ್ಣ ತೋಟಾ ತಗುಲಿದ್ರೆ ಜಿಂಕೆ ಮೈ ಕೆರ್ಕೊಂಡು ಹೋಗುತ್ತೆ, ಅಷ್ಟೆ."

ಅಷ್ಟರಲ್ಲಿ ಪೊದೆಯಿಂದ ಜಿಂಕೆಯೊಂದು ನೆಗೆದು ಓಡಿತು. ಎರಡು ರೈಫಲ್ಲೂ ಒಟ್ಟಿಗೇ ಸಿಡಿದವು. ನಾಯಿ ಅದರ ಬೆನ್ನು ಹತ್ತಿ ಹಳ್ಳಕ್ಕಿಳಿಯಿತು. ಇವರು ಏದುಸಿರು ಬಿಡುತ್ತಾ ಅಲ್ಲಿಗೆ ತಲುಪಿದಾಗ ಜಿಂಕೆ ಸತ್ತು ಬಿದ್ದಿತ್ತು. ನಾಯಿ ಪಕ್ಕದಲ್ಲಿ ನಾಲಿಗೆ ಚಾಚಿ ಕೂತಿತ್ತು.

"ನೋಡಿದ್ಯಾ ನನ್ನ ತೋಟಾದ ತಾಕತ್ತು!" ಎಂದ ಭಾವ.

"ನಿಮ್ಮದು ತಗುಲಿದ್ದಿದ್ರೆ ಅರ್ಧ ಜಿಂಕೆಯೇ ಇರ್ತಿರಲಿಲ್ಲ. ಇದು ನಂದೇ."

ಊರು ತಲುಪುವವರೆಗೂ ಇದೇ ಮಾತು. ಪಾಲು ಹಾಕುವ ಅಜ್ಜನ ಎದುರು ಅದು ಇನ್ನೂ ಜೋರಾಯಿತು.

"ಅಜ್ಜ, ಗುಂಡು ಹೊಕ್ಕ ತೂತು ನೋಡಿ. ದೊಡ್ಡದಿದ್ರೆ ತಲೆ ನಂದು."

"ಚಿಕ್ಕದಿದ್ರೆ ನಂದು, ಅಜ್ಜ."

ಅಜ್ಜ ತೊಗಲು ಸುಲಿದ. ಅದನ್ನು ಬಿಸಿಲಿಗೆ ಹಿಡಿದು ನೋಡಿದ, ಮಗುಚಿ ಇನ್ನೊಮ್ಮೆ ನೋಡಿದ. ಎಲ್ಲೂ ಒಂದು ತೂತೂ ಕಾಣಲಿಲ್ಲ. ಕುತ್ತಿಗೆಯ ಹತ್ತಿರವಿದ್ದ ಹಲ್ಲಿನ ಗುರುತನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ತಲೆಯನ್ನು ಎತ್ತಿ ನಾಯಿಯ ಮುಂದಿಟ್ಟ.