ಹತ್ತೂವರೆ ಇಂಚು

“ಕೂಗಬಹುದಿತ್ತಲ್ಲ ಮೇಡಂ, ನನ್ನ ಬಾಯಿಗೇನು ಬೀಗ ಬಿದ್ದಿತ್ತಾ?” ಕೌನ್ಸೆಲರ್ ಎದುರು ಕೂತ ಟೈಲರಮ್ಮ ಈ ವಾರವೂ ತನ್ನನ್ನೇ ಗದರಿಕೊಂಡಳು. ಚಿಕ್ಕಪ್ಪ ಕೋಣೆಯ ಬಾಗಿಲು ಹಾಕಿ ಮೈಮೇಲೆ ಕೈ ಹಾಕುತ್ತಿದ್ದದ್ದು ಮೂವತ್ತು ವರ್ಷ ಅವಳಿಗೆ ಮರೆತೇ ಹೋಗಿತ್ತು. ರಿಪೇರಿಗೆ ಬಂದ ಹಳೇ ಕೋಟೊಂದರ ಹೊಗೆಸೊಪ್ಪಿನ ವಾಸನೆ ಎಲ್ಲವನ್ನೂ ವಾಪಸ್ ತಂದಿತ್ತು. “ಈಗ ಹೇಳಿದ್ರೆ ಅಮ್ಮನೂ ಅದೇ ಅಂದ್ರು. ಏಳು ವರ್ಷ ಅಂದ್ರೆ ದೊಡ್ಡವಳೇ ಅಲ್ವೇನೆ, ಓಡಿ ಬರೋಕೆ ಏನಾಗಿತ್ತು ಅಂತ.”

ಕೌನ್ಸೆಲರ್ ಬರೆಯುವುದನ್ನು ನಿಲ್ಲಿಸಿದರು. ಅಂಗಡಿಯಿಂದ ನೇರವಾಗಿ ಬಂದವಳ ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿತ್ತು. “ಏಳು ವರ್ಷದ ಹುಡುಗಿಗೆ ಭುಜದ ಅಳತೆ ಎಷ್ಟು ಇಡ್ತೀರಿ?” ಎಂದು ಕೇಳಿದರು.

“ಹತ್ತೂವರೆ ಇಂಚು.” ಇದಕ್ಕೆ ಅವಳು ಯೋಚಿಸಬೇಕಿರಲಿಲ್ಲ.

“ಎಲ್ಲಿ, ಹಿಡಿದು ತೋರಿಸಿ.”

ಟೇಪು ಎಳೆದು, ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಸಾವಿರ ಸಲ ಹಿಡಿದ ಅಳತೆ. ಆದರೆ ಈ ಸಲ ಟೇಪು ಕೆಳಗಿಳಿಸಲಿಲ್ಲ. ಅಲ್ಲಿ ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಾಳೆ ಎಂಬಂತೆ, ಕೈಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತಾ ಕುಳಿತಳು.

“ಒಂದು ಮೀಟರ್ ಬಟ್ಟೆಲಿ ಇವಳ ಫ್ರಾಕ್ ಆಗಿಹೋಗುತ್ತೆ ಮೇಡಂ,” ಎಂದಳು ಕೊನೆಗೆ. “ನನ್ನ ಫ್ರಾಕೆಲ್ಲ ಹೊಲೀತಿದ್ದದ್ದು ಅಮ್ಮನೇ. ಈ ಅಳತೆ ಅವರಿಗೆ ಗೊತ್ತಿತ್ತು.”