ಅಂಗಳದ ಬಿಸಿಲು

ಹೆಣ್ಣು ನೋಡಲು ಬಂದಿದ್ದ ಗಂಡಿನ ತಾಯಿ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ವಸುಮತಿಯ ಕೆನ್ನೆಯನ್ನು ಗಸಗಸ ಉಜ್ಜಿದಳು. ಕೆಂಪು ಹೋಗಲಿಲ್ಲ.

"ಅಂಗಳಕ್ಕೆ ಬಾ. ನಿನ್ನ ನಿಜವಾದ ಬಣ್ಣ ಬಿಸಿಲಲ್ಲಿ ನೋಡ್ತೀನಿ."

ವಸುಮತಿ ಆಕೆಯ ಕೈ ಸರಿಸಿದಳು. "ಬರಲ್ಲ. ನನಗೆ ಲೂಪಸ್ ಅನ್ನೋ ಕಾಯಿಲೆ ಇದೆ. ಬಿಸಿಲು ತಾಗಿದರೆ ಈ ಕೆಂಪು ಇನ್ನೂ ಕೆರಳುತ್ತೆ. ಮಾತ್ರೆ, ಮುಲಾಮು ನಡೀತಿದೆ. ಅಂಟುರೋಗ ಅಲ್ಲ."

"ಕಾಯಿಲೆಯವಳನ್ನ ನಮ್ಮ ತಲೆಗೆ ಕಟ್ಟೋಕೆ ನೋಡಿದ್ರಾ?" ಆಕೆ ಉಪ್ಪಿಟ್ಟಿನ ತಟ್ಟೆ ತಳ್ಳಿ, ಮಗನನ್ನು ಎಬ್ಬಿಸಿಕೊಂಡು ಹೋಗಿ ಕಾರು ಹತ್ತಿದಳು.

ಮರೆತ ಕನ್ನಡಕಕ್ಕೆಂದು ಒಬ್ಬಳೇ ಹಿಂತಿರುಗಿದವಳು ವಸುಮತಿಯ ಕಿವಿಯ ಬಳಿ ಬಗ್ಗಿದಳು.

"ಯಾವ ಡಾಕ್ಟರಿಗೆ ತೋರಿಸ್ತಿದ್ದೀಯ? ನನ್ನ ಮಗಳ ಕೆನ್ನೆನೂ ಹಿಂಗೇ ಆಗಿದೆ. ನಾಡಿದ್ದು ಅವಳನ್ನ ನೋಡೋಕೆ ಬರ್ತಾರೆ."